ಮೊದಲು ಕಿವಿಗೆ, ಆಮೇಲೆ ಮೈಗೆ

ಮದುವೆ, ನೌಕರಿ, ಮನೆ ಕಟ್ಟಿದ್ದು, ಇಂಥ ದೊಡ್ಡ ಸಂತೋಷಗಳನ್ನು ಬಿಟ್ಟು, ದಿನನಿತ್ಯದ ಬದುಕಿನಲ್ಲಿ ಥಟ್ಟನೆ ಜೀವಕ್ಕೆ ಹಾಯೆನಿಸುವ ಚಿಕ್ಕ ಗಳಿಗೆ ಯಾವುದು ಎಂದು ಕೇಳಿದ್ದೀರಿ. ನಾನು ಕಲಬುರಗಿಯವಳು. ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ: ಸಂಜೆ ಮಿಲ್ ನಿಲ್ಲುವ ಗಳಿಗೆ.

ಮಿಲ್‌ನ ಒಳಗೆ ದಿನ ಕಳೆಯುವವರಿಗೆ ಇದು ವಿವರಿಸದೆಯೇ ಅರ್ಥವಾಗುತ್ತದೆ. ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ತೊಗರಿ ಕಾಳು ಬೇಳೆಯಾಗುವುದೆಂದರೆ ಸುಮ್ಮನೆ ಒಡೆಯುವುದಲ್ಲ. ಮೊದಲು ಜರಡಿಯಲ್ಲಿ ಕಲ್ಲು, ಕಸ ಬೇರೆಯಾಗಬೇಕು. ಒರಟು ಮೈಯ ರೋಲರ್ ಕಾಳಿನ ಸಿಪ್ಪೆಗೆ ಗೀರು ಹಾಕಬೇಕು. ಗೀರು ಬಿದ್ದ ಕಾಳಿಗೆ ಎಣ್ಣೆ ಸವರಿ, ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸಿ, ಸಂಜೆ ರಾಶಿ ಮಾಡಿ ಮುಚ್ಚಿ, ಮರುದಿನ ಮತ್ತೆ ಹರಡಬೇಕು. ಸಿಪ್ಪೆ ಸಡಿಲವಾದ ಮೇಲೆಯೇ ಕಾಳು ಎರಡು ಹೋಳಾಗುವುದು. ಈ ನೆಲದ್ದೇ ವಿಶಿಷ್ಟ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯನ್ನು 2019ರಲ್ಲಿ ಪಡೆದ ನಮ್ಮ ತೊಗರಿ ಬೇಳೆ ನಿಮ್ಮ ಮನೆಯ ಡಬ್ಬಿಗೆ ಬರುವ ಮೊದಲು ಇಷ್ಟೆಲ್ಲ ಸದ್ದು, ಧೂಳು, ಬಿಸಿಲು ದಾಟಿರುತ್ತದೆ.

ಜರಡಿ, ಎಲಿವೇಟರ್, ರೋಲರ್ ಎಲ್ಲವೂ ಒಟ್ಟಿಗೆ ತಿರುಗುವಾಗ ಕಚೇರಿಯ ಕಿಟಕಿ ಮುಚ್ಚಿದ್ದರೂ ನನ್ನ ಮೇಜು ಸಣ್ಣಗೆ ಅದುರುತ್ತಿರುತ್ತದೆ. ಲೋಟದ ನೀರಿನ ಮೇಲೆ ಸುತ್ತುಸುತ್ತಾಗಿ ಗೆರೆ ಮೂಡುತ್ತದೆ. ಬೆಳಗ್ಗೆ ಶುರುವಾದ ಸದ್ದು ಹೊತ್ತು ಏರಿದಂತೆ ಕೇಳಿಸುವುದೇ ಇಲ್ಲ. ಕಿವಿ ಅದನ್ನು ಮರೆಯುತ್ತದೆ, ಮೈ ಮಾತ್ರ ಮರೆಯುವುದಿಲ್ಲ. ಸಂಜೆ ಸ್ವಿಚ್ ಆರಿಸಿದಾಗ ಬೆಲ್ಟ್‌ಗಳು ಒಮ್ಮೆಲೇ ನಿಲ್ಲದೆ ಒಂದೊಂದಾಗಿ ಸೋಲುತ್ತ ಬರುತ್ತವೆ. ಕೊನೆಯದೂ ನಿಂತ ಕೂಡಲೇ ನನ್ನ ಹೆಗಲು ತಾನಾಗಿ ಕೆಳಗಿಳಿಯುತ್ತದೆ. ಅಷ್ಟು ಹೊತ್ತೂ ಅದನ್ನು ಬಿಗಿಹಿಡಿದಿದ್ದೆ ಎಂದು ತಿಳಿಯುವುದೇ ಆಗ. ದಿನವಿಡೀ ಕೂಗಿ ಮಾತಾಡಿದ ಹಮಾಲರು ಆಗಲೂ ಅದೇ ರಭಸದಲ್ಲಿ ಒಂದು ವಾಕ್ಯ ಶುರುಮಾಡಿ, ತಮ್ಮ ದನಿ ತಮಗೇ ಕೇಳಿಸಿ, ನಡುವೆಯೇ ತಗ್ಗಿಸುತ್ತಾರೆ. ಗೇಟಿನ ಬೇವಿನ ಮರದಲ್ಲಿ ಹಕ್ಕಿಗಳಿವೆ ಎಂಬುದು ನನಗೆ ದಿನಾಲೂ ಆ ಹೊತ್ತಿಗೆ ಹೊಸದಾಗಿ ಗೊತ್ತಾಗುತ್ತದೆ.

ಮಿಲ್‌ನಲ್ಲಿ ಯಂತ್ರ ನಿಂತರೆ ಸುಖ, ಮನೆಯಲ್ಲಿ ಯಂತ್ರ ತಿರುಗಿದರೆ ಸುಖ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಪಾದರಸ 42, 43 ಡಿಗ್ರಿಗೆ ಏರುತ್ತದೆ. ಅಂಥ ಒಂದು ರಜಾದಿನ ಕರೆಂಟು ಹೋದರೆ ನಾವೆಲ್ಲ ಹಾಸಿಗೆ ಬಿಟ್ಟು ನೆಲಕ್ಕೆ ಇಳಿಯುತ್ತೇವೆ. ನಮ್ಮದು ಹಳೆಯ ಮನೆ, ನೆಲಕ್ಕೆ ಶಹಾಬಾದ್ ಕಲ್ಲು. ನಮ್ಮ ಜಿಲ್ಲೆಯದೇ ಕಲ್ಲು ಅದು. ಪದರು ಪದರಾಗಿ ಏಳುವ ಸುಣ್ಣದ ಕಲ್ಲು. ಅತ್ತೆಯವರು ಅದರ ಮೇಲೆ ನೀರು ಚಿಮುಕಿಸಿ, ಆರುವ ಮೊದಲೇ ಸೆರಗು ಹಾಸಿ ಮಲಗುತ್ತಾರೆ. ಹೊಸ ಮನೆಗಳವರು ನುಣುಪಾದ ಟೈಲ್ಸ್ ಹಾಕಿಸುವುದು ನೋಡಿದಾಗ ನನಗೆ ಸಂಕಟವಾಗುತ್ತದೆ. ನಮ್ಮ ಕಾಲಡಿಯ ಕಲ್ಲನ್ನು ನಾವೇ ಹೀಗೆ ಕೈಬಿಡಬಾರದು.

ಹಾಗೆ ಮಲಗಿದ್ದಾಗ ಎಲ್ಲರ ಕಿವಿಯೂ ಒಂದೇ ಕಡೆ ಇರುತ್ತದೆ. ಮೊದಲು ಅಡುಗೆಮನೆಯ ಫ್ರಿಜ್ ಗುಂಯ್ ಎನ್ನುತ್ತದೆ. ಫ್ಯಾನಿನ ರೆಕ್ಕೆ ಒಂದು ಸುತ್ತು ಸೋಮಾರಿಯಾಗಿ ತಿರುಗುತ್ತದೆ. ಯಾರೂ ಮಾತಾಡುವುದಿಲ್ಲ, ಮತ್ತೆ ಹೋಗಿಬಿಟ್ಟರೆ ಎಂಬ ಭಯ. ಆಮೇಲೆ ಕೂಲರ್‌ನ ಪಂಪು ನೀರೆತ್ತಿ ಹುಲ್ಲಿನ ಪರದೆಯ ಮೇಲೆ ಸುರಿಯುವ ಸದ್ದು. ಮೊದಲು ಬರುವ ಗಾಳಿ ಬಿಸಿಯೇ, ಒದ್ದೆ ಹುಲ್ಲಿನ ವಾಸನೆಯದು. ಎರಡನೆಯ ಅಲೆಯಲ್ಲಿ ತಂಪು ಬಂದು ಕುತ್ತಿಗೆಯ ಬೆವರಿಗೆ ತಾಗುತ್ತದೆ. ಅತ್ತೆಯವರು ಆಗ ನಮ್ಮೂರ ಶರಣರನ್ನು ನೆನೆದು "ಶರಣಬಸಪ್ಪ" ಎನ್ನುತ್ತಾರೆ, ಅಷ್ಟೇ. ಕರಾವಳಿಯ ಗೆಳತಿಗೆ ಈ ಸುಖವನ್ನು ಎಷ್ಟು ಹೇಳಿದರೂ ಮುಟ್ಟಿಸಲಾಗಲಿಲ್ಲ. ಅವರ ಮಂಗಳೂರಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಕೂಲರ್‌ನ ನೀರು ಆವಿಯಾಗುವುದು ಕಷ್ಟ, ಸೆಕೆಯೇ ಹೆಚ್ಚಾಗುತ್ತದೆ. ನಮ್ಮದು ಒಣ ಬಿಸಿಲು. ನೀರು ಬೇಗ ಆವಿಯಾಗುತ್ತ ಗಾಳಿಯ ಕಾವನ್ನು ಹೀರಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನಮ್ಮನ್ನು ಸುಡುವ ಒಣತನದಿಂದಲೇ ಆ ತಂಪೂ ಸಿಗುವುದು.

ನಳ ಬರುವ ಸುದ್ದಿಯನ್ನು ಬಿಟ್ಟರೆ ನಮ್ಮ ಓಣಿಯವರು ಒಪ್ಪಲಿಕ್ಕಿಲ್ಲ. ನಮ್ಮಲ್ಲಿ ನೀರು ದಿನ ಬಿಟ್ಟು ದಿನ ಬಂದರೆ ಪುಣ್ಯ. ಖಾಲಿ ನಳದಿಂದ ಮೊದಲು ಉಸ್ಸೆಂದು ಗಾಳಿ ಹೊರಡುತ್ತದೆ, ಆಮೇಲೆ ಕೆಮ್ಮಿದಂತೆ ಒಂದಿಷ್ಟು ಹನಿ, ಆಮೇಲೆ ಧಾರೆ. ಆ ಉಸ್ಸೆನ್ನುವ ಸದ್ದಿಗೇ ಓಣಿಯ ಅರ್ಧ ಬಾಗಿಲು ತೆರೆದಿರುತ್ತವೆ.

ಬೆಳಗಿನ ಒಂದು ಗಳಿಗೆಯೂ ಇದೆ: ಮೊದಲ ರೊಟ್ಟಿ ಉಬ್ಬುವುದು. ಗೋದಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತೇನೆ. ಆ ನೀರು ಪೂರ್ತಿ ಹಸಿಯಿರುವಾಗ ತಿರುವಿದರೆ ಹಂಚಿಗೆ ಅಂಟುತ್ತದೆ, ಪೂರ್ತಿ ಆರಿದ ಮೇಲೆ ತಿರುವಿದರೆ ಬಿರುಕು ಬಿಡುತ್ತದೆ. ನೀರಿನ ಹೊಳಪು ಹೋಗಿ ಮೈ ಮಂಕಾಗುವ ಒಂದು ಕ್ಷಣವಿದೆ, ಅದೇ ಹೊತ್ತು. ತಿರುವಿದ ಸ್ವಲ್ಪ ಹೊತ್ತಿಗೆ ಒಂದು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಅದು ಎರಡಾಗಿ, ನಾಲ್ಕಾಗಿ, ಒಂದನ್ನೊಂದು ಕೂಡಿಕೊಂಡು ಇಡೀ ರೊಟ್ಟಿ ಎದ್ದು ನಿಲ್ಲುತ್ತದೆ. ಎಷ್ಟು ವರ್ಷ ರೊಟ್ಟಿ ಮಾಡಿದ್ದರೂ ಅದು ಏಳುವಾಗ ನನಗೆ ಪಕ್ಕಕ್ಕೆ ನೋಡಲಾಗುವುದಿಲ್ಲ.

ಈ ಗಳಿಗೆ ನನ್ನದೇ ಆಗಿರಬೇಕೆಂದೂ ಇಲ್ಲ. ಮಿಲ್‌ನ ತೂಕದ ಕಾಟಾ ನೋಡಿಕೊಳ್ಳುವ ಹಿರಿಯರೊಬ್ಬರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ರಂಜಾನ್ ಬಿರುಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಅವರು ಹನಿ ನೀರಿಲ್ಲದೆ ದಿನವಿಡೀ ಲಾರಿಗಳನ್ನು ತೂಗಿಸುತ್ತಿದ್ದರು. ಸಂಜೆ ನಾವು ಕೆಲವರು ಹೊರಡದೆ ಕಾಯುತ್ತಿದ್ದೆವು. ದೂರದ ಮಸೀದಿಯ ಆಜಾನ್ ಕೇಳಿದ ಮೇಲೆ ಅವರು ಅರ್ಧ ಖಜೂರ ಕಚ್ಚಿ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೊದಲ ಗುಟುಕು ನುಂಗುವರು. ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ನೀರು ಅವರು ಕುಡಿದರೂ ದಾಹ ನಮ್ಮೆಲ್ಲರದೂ ತೀರುತ್ತಿತ್ತು. ಉಳಿದ ಖಜೂರವನ್ನು "ತಗೋ ಬೇಟಿ" ಎಂದು ನನ್ನ ಕಡೆ ಚಾಚುವರು.

ಕೊನೆಗೆ ಮಿರಗದ ಮಳೆ. ಉಳಿದ ದಿನಗಳಲ್ಲಿ ಮೋಡ ಕಂಡರೆ ಮಿಲ್‌ನಲ್ಲಿ ಎಲ್ಲರ ಎದೆ ಹಾರುತ್ತದೆ. ಅಂಗಳದಲ್ಲಿ ಹರಡಿದ, ಎಣ್ಣೆ ಸವರಿದ ಕಾಳಿಗೆ ನೀರು ಬಿದ್ದರೆ ಗತಿಯಿಲ್ಲ. ಜೂನ್ ಮೊದಲ ವಾರದ ಆಚೆ ಈಚೆ ಮೃಗಶಿರಾ ಹುಟ್ಟುವಾಗ ಬರುವ ಮಳೆಗೆ ಮಾತ್ರ ಆ ಬೈಗುಳವಿಲ್ಲ. ತಾಡಪತ್ರಿ ಎಳೆಯಲು ಆಗಲೂ ಓಡುತ್ತಾರೆ, ಆದರೆ ನಗುತ್ತ ಓಡುತ್ತಾರೆ. ಹೆಚ್ಚಿನವರಿಗೆ ಊರಲ್ಲಿ ಎರಡೋ ಮೂರೋ ಎಕರೆ ಎರೆಹೊಲವಿದೆ. ಈ ಮಳೆಗೆ ಬಿತ್ತಿದ ತೊಗರಿಯೇ ಸಂಕ್ರಾಂತಿಯ ಹೊತ್ತಿಗೆ ಚೀಲ ತುಂಬಿ ನಮ್ಮ ಕಾಟಾದ ಮೇಲೆ ಬಂದು ನಿಲ್ಲಬೇಕು.

ತಗಡಿನ ಮೇಲೆ ಮಳೆ ಬಡಿಯಲು ಶುರುವಾದ ಕೂಡಲೇ ನಾನು ಚಿತ್ತಾಪುರದ ಕಡೆ ಇರುವ ತವರಿಗೆ ಫೋನ್ ಮಾಡುತ್ತೇನೆ. ಕಳೆದ ಸಲ ಆ ಕಡೆಯಿಂದಲೂ ಮಳೆಯ ಸದ್ದೇ ಕೇಳುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು, "ಅಣ್ಣಾ, ನಮ್ಮ ಹೊಲಕ್ಕೆ ಆಯಿತಾ?" ಎಂದು ಕೂಗಿದೆ. "ಗೇಣುದ್ದ ಇಳಿದಿದೆ ತಂಗಿ, ಹದ ಆಗಿದೆ. ನೆಲ ಸ್ವಲ್ಪ ಆರಲಿ, ನಾಡಿದ್ದು ಕೂರಿಗೆ ಹೂಡುತ್ತೇವೆ. ಈ ಸಲ ತೊಗರಿ ನಡುವೆ ಹೆಸರೂ ಹಾಕುತ್ತೇನೆ" ಎಂದು ಅಣ್ಣ ಅಷ್ಟೇ ಜೋರಾಗಿ ಕೂಗಿದ.