ಬೀಳು ಭೂಮಿ ಸುಮ್ಮನೆ ಬಿದ್ದಿಲ್ಲ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಎರಡು ಎಕರೆ ಎಂಟು ವರ್ಷದಿಂದ ಬೀಳು. ಮೊದಲು ಹುಲ್ಲಿತ್ತು, ಈಗ ಬಂದರೆ ಗಿಡ, ತಂಗಡಿ, ಅಲ್ಲಲ್ಲಿ ಜಾಲಿ. ಜೆಸಿಬಿಯಿಂದ ಕೀಳಿಸಿ, ಸುಟ್ಟು, ಕೆರೆಗೋಡು (ಕೆರೆಯ ಹೂಳು) ಹೊಡೆಸಬೇಕೆಂದಿದ್ದೇನೆ. ಬಿಟ್ಟ ಮಣ್ಣು ತಾನೇ ಸುಧಾರಿಸುತ್ತದೆ ಎನ್ನುತ್ತೀರಿ. ಎಷ್ಟು ವರ್ಷ ಕಾಯಲಿ?’

ಸಾಲದ ಕಂತು ಕಾಯುವುದಿಲ್ಲ, ಕೆರೆಗೋಡೂ ಒಳ್ಳೆಯದೇ. ಒಪ್ಪಿದೆ. ಆದರೆ ಗಿಡ ಬಂದ ಕ್ರಮವನ್ನು ಇಷ್ಟು ಸರಿಯಾಗಿ ಬರೆದವರು ಅದನ್ನೇ ಸುಡಲು ಹೊರಟಿದ್ದೀರಲ್ಲ!

ಅಲಾಸ್ಕದ ಗ್ಲೇಸಿಯರ್ ಬೇ ಎಂಬ ಕೊಲ್ಲಿ ನೋಡಿ. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೋವರ್ ತಂಡ ಹೋದಾಗ ಕೊಲ್ಲಿಯ ತುಂಬ ಹಿಮನದಿ. 1879ಕ್ಕೆ ಅದು 60 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. ಬಿಟ್ಟುಹೋದದ್ದು ಬರೀ ಕಲ್ಲುಪುಡಿ. ಆಲ್ಡರ್ ಗಿಡ ಬಂದ ಕಡೆ ಸುಮಾರು 50 ವರ್ಷದೊಳಗೆ ಮೇಲ್ಮಣ್ಣಿನ ಪಿಎಚ್ (ಹುಳಿ–ಕ್ಷಾರದ ಅಳತೆ) 8ರಿಂದ 5ರ ಹತ್ತಿರಕ್ಕೆ ಇಳಿದು, ಸಾರಜನಕ ತುಂಬಿಕೊಂಡದ್ದನ್ನು ಕ್ರಾಕರ್ ಮತ್ತು ಮೇಜರ್ ಎಂಬ ವಿಜ್ಞಾನಿಗಳು 1955ರಲ್ಲಿ ದಾಖಲಿಸಿದರು. ಆಲ್ಡರ್ ಬೇರಿನಲ್ಲಿರುವುದು ಗಾಳಿಯ ಸಾರಜನಕ ಹಿಡಿಯುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ. ನಮ್ಮ ಗಾಳಿಮರದ ಬೇರಲ್ಲೂ ಅದೇ ಬಳಗ. ಆ ಸಾರಜನಕವನ್ನು ಉಂಡು ಬೆಳೆದದ್ದು ಆಮೇಲೆ ಬಂದ ಸ್ಪ್ರೂಸ್ ಮರ.

ಅಲ್ಲಿ ಮಣ್ಣೇ ಇರಲಿಲ್ಲ. ನಿಮ್ಮಲ್ಲಿ ಮಣ್ಣು, ಬೀಜ, ಬೇರು ಎಲ್ಲ ಇವೆ, ಹಾಗಾಗಿ ಬೇಗ. ಒಂದು ಎಚ್ಚರಿಕೆ: ತಂಗಡಿ ದ್ವಿದಳ ಕುಟುಂಬದ್ದೇ ಆದರೂ ಬೇರಲ್ಲಿ ಸಾರಜನಕ ಹಿಡಿಯುವ ಗಂಟು ಕಟ್ಟುವುದಿಲ್ಲ. ಸಾರಜನಕ ತರುವುದು ಜಾಲಿ. ಎಳೆ ಗಿಡ ಅಗೆದು ಗಂಟು ಸೀಳಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ.

ಸುಟ್ಟರೆ ಈ ಸಾರಜನಕ ಹೊಗೆಯಾಗುತ್ತದೆ. ಉಳಿದ ಬೂದಿಯನ್ನು ಮೊದಲ ಬಿರುಮಳೆ ಒಯ್ಯುತ್ತದೆ. ಜೆಸಿಬಿ ಬಕೆಟ್ ಬೇರಿನ ಜೊತೆ ಮೇಲಿನ ನಾಲ್ಕು ಬೆರಳು ಮಣ್ಣನ್ನೂ ಗುಡ್ಡೆಗೆ ತಳ್ಳುತ್ತದೆ. ಎಂಟು ವರ್ಷದ ಗಳಿಕೆ ಇರುವುದೇ ಅಲ್ಲಿ.

ನಂಬಬೇಡಿ, ಅಳೆಯಿರಿ. 15 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಕೊಳವೆ ತುಂಡನ್ನು ಮೂರನೇ ಒಂದು ಪಾಲು ಮಣ್ಣಿಗೆ ಇಳಿಸಿ, 440 ಮಿ.ಲೀ. ನೀರು ಹಾಕಿ. ಅದು ಇಂಗಿದ ಮೇಲೆ ಮತ್ತೆ ಅಷ್ಟೇ ಹಾಕಿ, ಇಂಗಲು ಎಷ್ಟು ಹೊತ್ತು ಬೇಕೆಂದು ನೋಡಿ. ಬೇಗ ಇಂಗಿದರೆ ಮಣ್ಣು ಸಡಿಲವಿದೆ ಎಂದು. ಪಕ್ಕದ ಹೊಲದಲ್ಲೂ ಮಾಡಿ. ಆಗತಾನೆ ಉತ್ತ ಕಡೆ ಮಾತ್ರ ಬೇಡ, ಸುಳ್ಳು ಲೆಕ್ಕ ಸಿಗುತ್ತದೆ. ಎರಡೂ ಕಡೆಯ ಒಣ ಹೆಂಟೆಯನ್ನು ಲೋಟದ ನೀರಿಗೆ ಬಿಡಿ. ಐದು ನಿಮಿಷದಲ್ಲಿ ಕೆಸರಾದರೆ ಮಣ್ಣಿನ ಕಣ ಹಿಡಿದಿಡುವ ಅಂಟು ಇಲ್ಲವೆಂದು ಅರ್ಥ.

ನಮ್ಮ ಪಹಣಿಯ ಭಾಷೆಯೇ ಹಾಗೆ: ಉಳಲು ಬಾರದ ನೆಲವೆಲ್ಲ ‘ಖರಾಬು’. ಹುಲ್ಲುಗಾವಲು ಕಂಡರೆ ಗುಂಡಿ ತೋಡಿ ಅಕೇಶಿಯಾ ನೆಡುವವರಿಗೂ ಈ ಪದವೇ ಪರವಾನಗಿ.

ಹಾಗೆಂದು ಮಣ್ಣು ಸದಾ ಸುಧಾರಿಸುತ್ತಲೇ ಇರುವುದಿಲ್ಲ. ಸಾರಜನಕ ಗಾಳಿಯಿಂದ ಬಂದೀತು, ರಂಜಕ ಕಲ್ಲಿನಿಂದಲೇ ಬರಬೇಕು. ಲಕ್ಷಾಂತರ ವರ್ಷ ಮಳೆ ಹೊಯ್ದ ಮುರಕಲ್ಲು (ಜಂಬಿಟ್ಟಿಗೆ) ನೆಲದಲ್ಲಿ ಅಳಿದುಳಿದ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಂಡಿದೆ. ಅಲ್ಲಿ ಕಾಡು ಬದುಕಿರುವುದು ಉದುರಿದೆಲೆಯನ್ನೇ ಮತ್ತೆ ಮತ್ತೆ ಉಂಡು.

ನೀವು ಅರ್ಧ ಎಕರೆಯಿಂದ ಶುರುಮಾಡಿ. ಬಂದರೆ ಗಿಡ, ತಂಗಡಿಯನ್ನು ಬುಡಕ್ಕೆ ಕತ್ತರಿಸಿ ಮಣ್ಣಿನ ಮೇಲೇ ಹರಡಿ. ಉತ್ತು ಬೆರೆಸಿದರೆ ಕಡ್ಡಿ ಕೊಳೆಯುವಾಗ ಪೈರಿನ ಸಾರಜನಕವನ್ನು ಕಸಿಯುತ್ತದೆ. ನಡುವೆ ಹುರುಳಿ ಚೆಲ್ಲಿ. ಹತ್ತು ಹದಿನೈದು ಕಡೆಯ ಮಣ್ಣು ಬೆರೆಸಿ ಅರ್ಧ ಕೆಜಿ ಪರೀಕ್ಷೆಗೆ ಕೊಡಿ. ಕೆರೆಗೋಡಿನ ಮಾತು ರಂಜಕದ ಅಂಕಿ ನೋಡಿದ ಮೇಲೆ. ಜೆಸಿಬಿಗೆ ಮುಂಗಡ ಕೊಟ್ಟಾಗಿದ್ದರೆ, ಒಡೆದ ಬದು ಸರಿಮಾಡಿಸಿ ಕಳಿಸಿ.

–ಸಂ.