ಮಾತೃಪೂರ್ಣ ಊಟಕ್ಕೆ ಗರ್ಭಿಣಿಯರು ಏಕೆ ಬರುವುದಿಲ್ಲ?

ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯಿದ್ದರೂ ಗರ್ಭಿಣಿಯರು ಬರುತ್ತಿಲ್ಲವೆಂದೂ, ಆಹಾರ ಸಾಮಗ್ರಿಯನ್ನು ಮನೆಗೇ ಕೊಟ್ಟರಾಗದೇ ಎಂದೂ ಕೇಳಿದ್ದೀರಿ. ಮನೆಗೆ ಕೊಟ್ಟ ಬೇಳೆ, ಬೆಲ್ಲಗಳು ಇಡೀ ಕುಟುಂಬದ ಅಡುಗೆಯಲ್ಲಿ ಕರಗಿಹೋಗಿ, ಕೊನೆಗೆ ಉಣ್ಣುವ ಬಸುರಿಯ ತಟ್ಟೆಗೆ ಅದರ ಸಣ್ಣ ಪಾಲಷ್ಟೇ ಬೀಳುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕೇಂದ್ರದಲ್ಲೇ ಬಡಿಸುವ ಈ ಕ್ರಮ ತಂದದ್ದು ಇದನ್ನು ತಪ್ಪಿಸಲೆಂದೇ. ದಿನಕ್ಕೆ 600 ಕಿಲೊಕ್ಯಾಲರಿಯ ಪೂರಕ ಆಹಾರವೆಂಬ ಮಾನದಂಡ ಅವಳ ಹೊಟ್ಟೆಗೆ ಸಂಬಂಧಿಸಿದ್ದೇ ಹೊರತು ಮನೆಮಂದಿಗಲ್ಲ.

ಆಲೋಚನೆ ಸರಿ, ತೊಡಕಿರುವುದು ದಾರಿಯಲ್ಲಿ. ಒಂಟಿಮನೆಗಳೇ ಹೆಚ್ಚಿರುವ ಮಲೆನಾಡಿನಲ್ಲಿ ಎಂಟು ತಿಂಗಳ ಗರ್ಭಿಣಿಯೊಬ್ಬಳು ಜಡಿಮಳೆಯಲ್ಲಿ ಕಾಲುಸಂಕ ದಾಟಿ ಒಂದು ಹೊತ್ತಿನ ಊಟಕ್ಕೆ ಹೋಗಿಬರಬೇಕೆಂದು ನಿರೀಕ್ಷಿಸುವುದು ನನಗೆ ನ್ಯಾಯವೆನಿಸುವುದಿಲ್ಲ. ಕೂಲಿಗೆ ಹೋದವಳಿಗೆ ಮಧ್ಯಾಹ್ನ ಬಿಡುವಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವಳ ಹೆಸರು ಗಂಡನ ಊರಿನ ದಾಖಲೆಯಲ್ಲೇ ಉಳಿದಿರುತ್ತದೆ. ಬಾಣಂತಿಯನ್ನಂತೂ ಹಿರಿಯರು ಹೊಸ್ತಿಲು ದಾಟಗೊಡುವುದಿಲ್ಲ. ಇತ್ತ ಕಾರ್ಯಕರ್ತೆ ಮಕ್ಕಳ ತೂಕ ನೋಡಿ, ಅದನ್ನು ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಮೊಬೈಲ್ ಆ್ಯಪ್‌ಗೆ ತುಂಬಲು ನೆಟ್‌ವರ್ಕ್ ಹುಡುಕುತ್ತಾ ಅಂಗಳಕ್ಕೆ ಬಂದು ನಿಂತಿರುತ್ತಾಳೆ.

ಆದ್ದರಿಂದ ಹತ್ತಿರದವರಿಗೆ ಕೇಂದ್ರದಲ್ಲೇ ಊಟ, ದೂರದ ಮನೆಯವರಿಗೆ ಮತ್ತು ಬಾಣಂತಿಯರಿಗೆ ಬುತ್ತಿಯಲ್ಲಿ ಬೇಯಿಸಿದ ಊಟ ಎಂಬ ಎರಡು ದಾರಿಗಳೂ ಇರಬೇಕೆಂಬುದು ನನ್ನ ಅಭಿಪ್ರಾಯ. ಬುತ್ತಿಯಲ್ಲಿಯೂ ಪಾಲಾಗುವ ಭಯವಿದೆಯಾದರೂ, ಒಬ್ಬರ ಅಳತೆಯ ಅನ್ನ-ಸಾರು, ಒಂದು ಮೊಟ್ಟೆ ತಿಂಗಳ ದಿನಸಿಯಷ್ಟು ಸುಲಭವಾಗಿ ಹಂಚಿಹೋಗುವುದಿಲ್ಲ.