ಓದುಗರ ಪ್ರಶ್ನೆಗೆ ಉತ್ತರ: ಪರದೇಶದಲ್ಲಿರುವಾಗ ಅಪಾಯದ ಸುದ್ದಿ ತಿಳಿಯುವುದು ಹೇಗೆ?

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಜಪಾನಿನ ಒಸಾಕಾದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬರಲು ಹೊರಟಿದ್ದೇವೆ. ಟಿಕೆಟ್ ತೆಗೆಸಿದಾಗಿನಿಂದ ನೆಂಟರು ಭೂಕಂಪ, ಸುನಾಮಿಯ ಸಂದೇಶಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಲೇ ಇದ್ದಾರೆ. ಯಾವುದನ್ನು ನಂಬಬೇಕು?
– ಕುವೆಂಪುನಗರ, ಮೈಸೂರು

ಉತ್ತರ: ನಿಮಗೆ ಬಂದ ಸಂದೇಶ ಭೂಕಂಪದ ತಾರೀಖನ್ನು ಹೇಳುತ್ತಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ, ಇಂಥ ದಿನ ಇಂಥ ಊರಿನಲ್ಲಿ ನೆಲ ನಡುಗುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ. 2025ರ ಜುಲೈ 5ರಂದು ಜಪಾನಿನಲ್ಲಿ ಮಹಾ ವಿಪತ್ತು ಸಂಭವಿಸುತ್ತದೆ ಎಂಬ ವದಂತಿ ಏಷ್ಯಾದ ಹಲವೆಡೆ ಹಬ್ಬಿ, ಪ್ರವಾಸಿಗರು ಹಿಂಜರಿದು, ಹಾಂಗ್‌ಕಾಂಗ್‌ನಿಂದ ಹೊರಡುವ ಕೆಲವು ವಿಮಾನಗಳೂ ಕಡಿಮೆಯಾದವು. ಆ ದಿನ ಅಂಥದ್ದೇನೂ ಆಗಲಿಲ್ಲ. ಅದಕ್ಕೂ ಮೊದಲು, 2024ರ ಆಗಸ್ಟ್ 8ರಂದು ಕ್ಯೂಶೂ ದ್ವೀಪದ ಬಳಿ 7.1 ತೀವ್ರತೆಯ ಭೂಕಂಪವಾದಾಗ, ಜಪಾನಿನ ಹವಾಮಾನ ಸಂಸ್ಥೆ ದೇಶದ ದಕ್ಷಿಣ ಕರಾವಳಿಯಾಚೆ ಕಡಲ ತಳದಲ್ಲಿರುವ ನಂಕಾಯ್ ಕಮರಿಯ ಉದ್ದಕ್ಕೂ ಭಾರೀ ಭೂಕಂಪದ ಸಾಧ್ಯತೆ ಸಾಮಾನ್ಯಕ್ಕಿಂತ ಹೆಚ್ಚಿದೆ ಎಂಬ ಸೂಚನೆಯನ್ನು ಮೊಟ್ಟಮೊದಲ ಬಾರಿಗೆ ಹೊರಡಿಸಿತು. ಅದು ದಿನ, ಗಳಿಗೆಯನ್ನು ಹೇಳಲಿಲ್ಲ. ಊರು ಬಿಡಿ ಎಂದೂ ಹೇಳಲಿಲ್ಲ. ನಿತ್ಯದ ಕೆಲಸ ಮಾಡಿಕೊಂಡೇ ತಪ್ಪಿಸಿಕೊಳ್ಳುವ ದಾರಿಯನ್ನು ನೋಡಿಟ್ಟುಕೊಳ್ಳಿ ಎಂದಿತು, ಒಂದು ವಾರದ ಬಳಿಕ ಹಿಂದೆಗೆದುಕೊಂಡಿತು. ನಿಜವಾದ ಎಚ್ಚರಿಕೆಯ ಮಾತು ಸಾಮಾನ್ಯವಾಗಿ ಹೀಗೆಯೇ ಅಳತೆಯಲ್ಲಿರುತ್ತದೆ, ಏನು ಮಾಡಬೇಕೆಂಬುದನ್ನೂ ಜೊತೆಗೇ ತಿಳಿಸುತ್ತದೆ.

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಾದ್ಯಂತ ಫೋನುಗಳು ಒಮ್ಮೆಲೇ ಜೋರಾಗಿ ಸದ್ದು ಮಾಡಿದ, ವಿಪತ್ತಿನ ಎಚ್ಚರಿಕೆಯ ಪರೀಕ್ಷಾ ಸಂದೇಶ ನಿಮಗೆ ನೆನಪಿರಬಹುದು. ಜಪಾನಿನಲ್ಲಿ ಅಂಥ ಸಂದೇಶ ನೆಲ ಜೋರಾಗಿ ನಡುಗುವುದಕ್ಕೆ ಕೆಲವೇ ಸೆಕೆಂಡು ಮೊದಲು ಬರುವುದುಂಟು. ಆದರೆ ಇಲ್ಲಿಂದ ಒಯ್ದ ಫೋನಿಗೆ ಅದು ಬಂದೇ ಬರುತ್ತದೆಂಬ ಭರವಸೆಯಿಲ್ಲದ ಕಾರಣ, ವಿದೇಶೀಯರಿಗಾಗಿಯೇ ರೂಪಿಸಿರುವ ‘ಸೇಫ್ಟಿ ಟಿಪ್ಸ್’ ಎಂಬ ಆ್ಯಪನ್ನು ಮೈಸೂರಿನಲ್ಲಿಯೇ ಹಾಕಿಸಿಕೊಂಡು, ಇಂಗ್ಲಿಷ್ ಭಾಷೆಯನ್ನು ಆರಿಸಿಡಿ. ಒಸಾಕಾ ಕೊಲ್ಲಿಗೆ ತಾಗಿಕೊಂಡಿರುವ ನಗರ, ಅದರಲ್ಲಿ ತಗ್ಗು ಪ್ರದೇಶ ಬಹಳ. ಆದ್ದರಿಂದ ತಲುಪಿದ ಮೊದಲ ವಾರವೇ ಮಗಳೊಡನೆ ಹೋಗಿ, ಆ ಬಡಾವಣೆಗೆ ಗೊತ್ತುಪಡಿಸಿರುವ ಆಶ್ರಯ ಸ್ಥಳವನ್ನು ನಡೆದೇ ನೋಡಿ ಬನ್ನಿ. ಹಗಲು ಮಗಳ ಮನೆಯವರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಇರುವವರು ನೀವಿಬ್ಬರೇ ಎಂಬುದನ್ನು ನಾನು ವಿಶೇಷವಾಗಿ ನೆನಪಿಸಬಯಸುತ್ತೇನೆ. ಪೊಲೀಸರಿಗೆ 110, ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119 ಎಂದು ಬರೆದು ಗೋಡೆಗೆ ಅಂಟಿಸಿ.

ಪ್ರಶ್ನೆ: ನನ್ನ ಮಗ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಏನಾದರೂ ಗಲಭೆಯಾದರೆ ನಮಗೆ ಟಿ.ವಿ.ಯೊಂದೇ ದಿಕ್ಕು. ಬೇರೆ ದಾರಿಯಿದೆಯೇ?
– ಮದ್ದೂರು, ಮಂಡ್ಯ ಜಿಲ್ಲೆ

ಉತ್ತರ: ಇದೆ, ಆದರೆ ಅದು ನಿಮ್ಮ ಮಗನಿಂದಲೇ ಆರಂಭವಾಗಬೇಕು. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಗುಂಪುಗಳು ದಾಳಿ ಮಾಡಿದಾಗ, ಹೊರಗೆ ಬರಬೇಡಿ ಎಂದು ಹೇಳಿ ಸಹಾಯವಾಣಿಯನ್ನು ಕೊಟ್ಟದ್ದು ಅಲ್ಲಿನ ನಮ್ಮ ರಾಯಭಾರ ಕಚೇರಿಯೇ. ಅದರ ಎಕ್ಸ್ (ಹಿಂದಿನ ಟ್ವಿಟರ್) ಖಾತೆಯನ್ನು ಅವನೂ ನೋಡುತ್ತಿರಲಿ, ಮನೆಯಲ್ಲಿ ಒಬ್ಬರೂ ನೋಡುತ್ತಿರಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಜಾಲತಾಣದಲ್ಲಿ ವಿದ್ಯಾರ್ಥಿಗಳು ಹೆಸರು, ವಿಳಾಸ ನೋಂದಾಯಿಸಬಹುದು. ವಸತಿ ಬದಲಾದಾಗ ಅದನ್ನೂ ತಿದ್ದಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದ ನಡುವೆ ಸಿಲುಕಿದವರಲ್ಲಿ ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಆಗ ಭಾರತೀಯರನ್ನು ಅಲ್ಲಿಂದ ಕರೆತಂದ ‘ಆಪರೇಷನ್ ಕಾವೇರಿ’ಯಂಥ ಕಾರ್ಯಾಚರಣೆಯಲ್ಲಿ ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯಿಲ್ಲದೆ ಅಧಿಕಾರಿಗಳು ಏನನ್ನೂ ಆರಂಭಿಸಲಾರರು.

ಇನ್ನೊಂದು ವಿಷಯವನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಉಕ್ರೇನಿನ ನಮ್ಮ ರಾಯಭಾರ ಕಚೇರಿಯು, ಇರಲೇಬೇಕಾದ ಅಗತ್ಯವಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಯೋಚಿಸಲಿ ಎಂದು ತಿಳಿಸಿದ್ದು 2022ರ ಫೆಬ್ರವರಿ 15ರಂದು. ಯುದ್ಧ ಆರಂಭವಾದದ್ದು 24ರಂದು. ನಡುವೆ ಒಂಬತ್ತು ದಿನಗಳಿದ್ದವು. ಆದರೂ ಆನ್‌ಲೈನ್ ತರಗತಿಗೆ ಕಾಲೇಜು ಒಪ್ಪಲಿಲ್ಲವೆಂದೋ, ವಿಮಾನದ ದರ ಏರಿತೆಂದೋ ಸಾವಿರಾರು ಮಕ್ಕಳು ಉಳಿದುಬಿಟ್ಟರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಆ ಮಕ್ಕಳದಾಗಲಿ ತಂದೆತಾಯಿಯರದಾಗಲಿ ತಪ್ಪೆಂದು ನಾನು ಹೇಳಲಾರೆ. ಹಾಜರಾತಿಯ ಚಿಂತೆ, ಸಾಲ ಮಾಡಿ ಕಟ್ಟಿದ ಶುಲ್ಕ, ಇವು ಆಗ ಎದುರಿಗಿದ್ದ ಸತ್ಯಗಳಾಗಿದ್ದವು. ಆದ್ದರಿಂದ, ‘ಹೊರಡಿ’ ಎಂಬ ಸೂಚನೆ ಬಂದರೆ ತರಗತಿ ತಪ್ಪಿದರೂ ಹೊರಡತಕ್ಕದ್ದು ಎಂದು ಈಗಲೇ ಮಗನೊಡನೆ ಮಾತಾಡಿ ತೀರ್ಮಾನಿಸಿಕೊಳ್ಳಿ. ಕಬ್ಬಿನ ಬಿಲ್ಲು ಬರುವವರೆಗೆ ಕಾಯಬೇಕಾಗದಂತೆ, ಒಂದು ಟಿಕೆಟ್ಟಿನ ಹಣವನ್ನು ಅವನ ಕೈಗೆ ತಕ್ಷಣ ಸಿಗುವ ಖಾತೆಯಲ್ಲಿ ತೆಗೆದಿಡಿ. ಅವನ ಪಾಸ್‌ಪೋರ್ಟ್, ವೀಸಾದ ಪ್ರತಿ ಮತ್ತು ಜೊತೆಯಲ್ಲಿರುವ ಇಬ್ಬರು ಸಹಪಾಠಿಗಳ ಫೋನ್ ಸಂಖ್ಯೆ ಈ ವಾರವೇ ನಿಮ್ಮ ಮನೆ ಸೇರಲಿ.